ಪ್ರತಿಕ್ರಿಯೆ: ಲೈಪೋಸೋಮಲ್ ಔಷಧ ಗೆಡ್ಡೆಗೆ ಮಾತ್ರ ಹೋಗುತ್ತದೆಯೇ?
ಸಕಲೇಶಪುರದಿಂದ ಬರೆದಿರುವ ತಾವು, ತಾಯಿಯವರ ಅಂಡಾಶಯದ ಕ್ಯಾನ್ಸರಿಗೆ ಹಾಸನದ ವೈದ್ಯರು ಸೂಚಿಸಿರುವ ಲೈಪೋಸೋಮಲ್ ಡಾಕ್ಸೋರುಬಿಸಿನ್ ಗೆಡ್ಡೆಗೆ ಮಾತ್ರ ತಲುಪುತ್ತದೆಯೇ ಎಂದು ಕೇಳಿದ್ದೀರಿ. ಹಾಗೇನಿಲ್ಲ. ಸುಮಾರು 100 ನ್ಯಾನೋಮೀಟರ್ ಗಾತ್ರದ ಕೊಬ್ಬಿನ ಗುಳ್ಳೆಯೊಳಗೆ ತುಂಬಿದ ಈ ಔಷಧ ರಕ್ತದಲ್ಲಿ ದಿನಗಟ್ಟಲೆ ಉಳಿದು, ಗೆಡ್ಡೆಯ ಸೋರುವ ರಕ್ತನಾಳಗಳ ಮೂಲಕ ಒಳಸೇರುವುದು ನಿಜವಾದರೂ, ಒಂದಷ್ಟು ಭಾಗ ಯಕೃತ್ತಿಗೂ ಚರ್ಮಕ್ಕೂ ಹೋಗುತ್ತದೆ. 1995ರಲ್ಲಿ ಅಮೆರಿಕದಲ್ಲಿ ಮೊದಲು ಅನುಮೋದನೆ ಪಡೆದ ಈ ಮದ್ದಿನ ದೊಡ್ಡ ಲಾಭವೆಂದರೆ, ನನ್ನ ದೃಷ್ಟಿಯಲ್ಲಿ, ಹೃದಯಕ್ಕೆ ಆಗುವ ಹಾನಿ ಸಾಮಾನ್ಯ ಡಾಕ್ಸೋರುಬಿಸಿನ್‌ಗಿಂತ ಕಡಿಮೆ ಎಂಬುದೇ. ಆದರೆ ಅಂಗೈ, ಅಂಗಾಲು ಕೆಂಪಾಗಿ ಉರಿದು ಸಿಪ್ಪೆ ಸುಲಿಯಬಹುದು. ಆದ್ದರಿಂದ ಡ್ರಿಪ್ ಹಾಕಿಸಿದ ಬಳಿಕ ಕೆಲವು ದಿನ ತೀರಾ ಬಿಸಿನೀರಿನ ಸ್ನಾನ, ಬಿಗಿಯಾದ ಚಪ್ಪಲಿ, ಕೈಯಿಂದ ಬಟ್ಟೆ ಉಜ್ಜುವ ಕೆಲಸ ಅವರಿಗೆ ಬೇಡ. ಉರಿ ಶುರುವಾದರೆ ಮುಂದಿನ ಡೋಸಿನ ತನಕ ಕಾಯದೆ ದಯವಿಟ್ಟು ವೈದ್ಯರಿಗೆ ತಿಳಿಸಿ.