ಏಳು ಸಲ ಬರೆದ ಮೊದಲ ಅಧ್ಯಾಯ

ಹೆಸರು ಹಾಕ್ಬೇಡಿ ಅಂತ ಎರಡೆರಡು ಸಲ ಕೇಳ್ಕೊಂಡಿದೀರಿ, ಆಯ್ತು, ಹಾಕಲ್ಲ. ಉಳಿದ ಓದುಗರಿಗೆ ವಿಷಯ ಇಷ್ಟು: ಇವರು ಬೆಳಿಗ್ಗೆ 9ಕ್ಕೆ ಕೆಲಸಕ್ಕೆ ಹೊರಟ್ರೆ ಮನೆ ಸೇರೋದು ರಾತ್ರಿ 8ಕ್ಕೆ, ಭಾನುವಾರ ಮಾತ್ರ ಮೂರು ತಾಸು ಕೂತು ಕಾದಂಬರಿ ಬರೀತಾರೆ, ಎರಡು ವರ್ಷ ಆಯ್ತು, ಆಗಿರೋದು 40 ಪುಟ, ಅದರಲ್ಲೂ ಮೊದಲ ಅಧ್ಯಾಯವನ್ನೇ ಏಳು ಸಲ ಬರೆದಿದಾರೆ. "ಒಂದು ವರ್ಷಕ್ಕಾಗೋ ಉಳಿತಾಯ ಇದೆ, ಕೆಲಸ ಬಿಟ್ಬಿಡ್ಲಾ ಸಾರ್?" ಅಂತ ಪ್ರಶ್ನೆ.

ಬಿಡಬೇಡಿ. ಸಂಬಳದ ಚಿಂತೆಗೆ ಹೇಳ್ತಿಲ್ಲ, ಅದು ನಿಮಗೇ ಗೊತ್ತಿರುತ್ತೆ. ಒಂದು ಲೆಕ್ಕ ಹಾಕಿ ನೋಡಿ, ಎರಡು ವರ್ಷಕ್ಕೆ 100 ಭಾನುವಾರ, ಮೂರು ತಾಸಿನ ಹಾಗೆ 300 ತಾಸು. ಇದೇನು ಕಮ್ಮಿ ಟೈಮಾ? ಟೈಮಿಲ್ಲ ಅನ್ನೋದು ನಿಮ್ಮ ತೊಂದರೆ ಆಗಿದ್ರೆ 300 ತಾಸಿಗೆ ಬರೀ 40 ಪುಟ ಆಗ್ತಿರಲಿಲ್ಲ. ಪತ್ರದ ಮಧ್ಯದಲ್ಲಿ ಒಂದು ಮಾತನ್ನ ನೀವು ಹಾಗೇ ಸುಮ್ನೆ ಹೇಳ್ಕೊಂಡು ಹೋಗಿದೀರಿ, "ಕೂತ ತಕ್ಷಣ ಮೊದಲಿಂದ ಓದ್ಕೊಂಡು ಬರ್ತೀನಿ" ಅಂತ. ನನಗೆ ಗಂಟು ಕಾಣ್ತಿರೋದು ಅಲ್ಲೇ.

ಆರು ದಿನ ಆ ಕಥೆ ಕಡೆ ತಲೆ ಹಾಕದೆ ಏಳನೇ ದಿನ ಬಂದು ಕೂತ್ರೆ ನಿಮ್ಮ ಕಾದಂಬರಿಗೆ ನೀವೇ ಹೊಸಬರು. ಯಾರು ಯಾರ ಮೇಲೆ ಮುನಿಸ್ಕೊಂಡಿದ್ರು, ಆ ಹುಡುಗನಿಗೆ ಅಪ್ಪನ ಸಾಲದ ವಿಷಯ ಗೊತ್ತಾಗಿದೆಯೋ ಇಲ್ವೋ, ಏನೂ ನೆನಪಿರಲ್ಲ, ಹಾಗಾಗಿ ಒಂದನೇ ಪುಟಕ್ಕೆ ಹೋಗ್ತೀರಿ, ಹೋದ ಮೇಲೆ ಅಲ್ಲೊಂದು ಪದ ಸರಿ ಕಾಣಲ್ಲ, ತಿದ್ದುತೀರಿ, ಇನ್ನೊಂದು ವಾಕ್ಯ ಎಳೆದಂಗಿದೆ ಅನ್ಸುತ್ತೆ, ಅದನ್ನೂ ತಿದ್ದುತೀರಿ, ಅಷ್ಟೊತ್ತಿಗೆ ಮೂರು ತಾಸು ಮುಗೀತು. ಏಳು ಸಲ ಬರೆದಿದ್ದು ಹೀಗೆ. ಕೆಲಸ ಬಿಟ್ಟು ಮನೇಲಿ ಕೂತ್ರೂ ಈ ಅಭ್ಯಾಸ ಬಿಡದಿದ್ರೆ ಎಂಟನೇ ಸಲ ಬರೀತೀರಿ, ಪಕ್ಕದಲ್ಲಿ ಕರಗ್ತಾ ಇರೋ ಉಳಿತಾಯದ ಲೆಕ್ಕ ಬೇರೆ.

ಆಂಟನಿ ಟ್ರಾಲಪ್ ಅನ್ನೋ ಇಂಗ್ಲಿಷ್ ಕಾದಂಬರಿಕಾರನ ಹೆಸರನ್ನ ಇಂಥ ಚರ್ಚೇಲಿ ಎಲ್ಲರೂ ತರ್ತಾರೆ. 1834ರಿಂದ 1867ರವರೆಗೆ ಅಂಚೆ ಇಲಾಖೆ ನೌಕರ, ಬೆಳಿಗ್ಗೆ 5:30ಕ್ಕೆಲ್ಲ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಕೊಂಡು, ಕಾಲು ಗಂಟೆಗೆ 250 ಪದ ಬರೀತಿದ್ದ, ಒಟ್ಟು 47 ಕಾದಂಬರಿ. ಇದನ್ನ ಕೇಳಿದ್ರೆ ನನಗೆ ಹುರುಪಿಗಿಂತ ಸುಸ್ತೇ ಜಾಸ್ತಿ ಆಗುತ್ತೆ. ಆದ್ರೆ ಅವನ ಆ ಬೆಳಗಿನ ಮೂರು ತಾಸಲ್ಲಿ ಮೊದಲ ಅರ್ಧ ತಾಸು ಹಿಂದಿನ ದಿನ ಬರೆದದ್ದನ್ನ ಓದೋದಕ್ಕೇ ಹೋಗ್ತಿತ್ತು, ಅದನ್ನ ಯಾರೂ ಹೇಳಲ್ಲ. ಗಮನಿಸಿ, ಹಿಂದಿನ ದಿನದ್ದು ಮಾತ್ರ, ಒಂದನೇ ಪುಟದಿಂದ ಅಲ್ಲ. ದಿನಾ ಮುಟ್ಟೋನಿಗೆ ಅಷ್ಟು ಸಾಕಾಗುತ್ತೆ.

ಹಾಗಾಗಿ ಭಾನುವಾರದ ಮೂರು ತಾಸನ್ನ ಒಡೆದು ಚಿಲ್ಲರೆ ಮಾಡ್ಕೊಳ್ಳಿ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ತಾಸು, 200 ಪದ. ವರ್ಷಕ್ಕೆ 50 ವಾರ ಹಿಡಿದ್ರೆ 50,000 ಪದ ಆಯ್ತು, ಕನ್ನಡದಲ್ಲಿ ಅದು ಒಳ್ಳೇ ಕಾದಂಬರಿ. ತಿಂಗಳ ಕೊನೆಯ ಗಡಿಬಿಡೀಲೋ ಮನೇಲಿ ಯಾರಿಗಾದ್ರೂ ಹುಷಾರಿಲ್ಲದಾಗಲೋ ತಪ್ಪುತ್ತೆ, ತಪ್ಪಲಿ, ಅವತ್ತು ನಿನ್ನೆಯ ಪುಟವನ್ನ ಒಂದ್ಸಲ ಕಣ್ಣಾಡಿಸಿ ಮುಚ್ಚಿಡಿ, ಪೆನ್ನೂ ಮುಟ್ಬೇಡಿ.

ಯಾವ ಹೊತ್ತು ಅನ್ನೋದು ನಿಮ್ಮ ಕೆಲಸ ಎಂಥದ್ದು ಅನ್ನೋದ್ರ ಮೇಲಿದೆ. ನಾನು ಮೊದಲ ಕಾದಂಬರಿ ಬರೆಯೋವಾಗ ಒಂದು ಕಡೆ ನೌಕರೀಲಿದ್ದೆ, ದಿನವಿಡೀ ಪತ್ರ ವರದಿ ತಿದ್ದೋ ಕೆಲಸ. ರಾತ್ರಿ ಬರೆಯೋಕೆ ಕೂತ್ರೆ ನನ್ನ ಪಾತ್ರಗಳೂ ಆಫೀಸ್ ಭಾಷೆ ಮಾತಾಡೋವು, ಜಗಳ ಆಡ್ಕೊಂಡ ಗಂಡ, ಹೆಂಡತಿ ಹತ್ರ ಬಂದು "ತಮ್ಮ ಗಮನಕ್ಕೆ ತರಬಯಸುತ್ತೇನೆ" ಅಂದಿದ್ದ, ಮಾರನೇ ದಿನ ಓದಿ ನಕ್ಕೂ ನಕ್ಕೂ ಸಾಕಾಯ್ತು. ಆವತ್ತಿಂದ ಬೆಳಿಗ್ಗೆ ಕೆಲಸಕ್ಕೆ ಹೊರಡೋ ಮುಂಚೆ ಬರೆಯೋಕೆ ಶುರು ಮಾಡಿದೆ. ದಿನಪೂರ್ತಿ ಅಕ್ಷರದ ಜೊತೆ ಗುದ್ದಾಡೋರಿಗೆ ಬೆಳಿಗ್ಗೆನೇ ವಾಸಿ, ಮೈಯಿಂದಲೋ ಅಂಕಿಗಳ ಜೊತೆಗೋ ದುಡಿಯೋರಿಗೆ ಸಂಜೆ ಆದ್ರೂ ನಡೆಯುತ್ತೆ ಅಂತ ನನ್ನ ಅಂದಾಜು.

ಆಗ ಕಲಿತ ಇನ್ನೊಂದು, ಮುಗಿಸಿ ಏಳಬಾರದು. ಒಂದು ದಿನ "ಅವಳು ಚಿಲಕಕ್ಕೆ ಕೈ ಹಾಕಿದಳು, ಒಳಗಿಂದ" ಅಂತ ಬರೆಯೋವಷ್ಟರಲ್ಲಿ ಹೊರಡೋ ಹೊತ್ತಾಯ್ತು, ಹಾಗೇ ಬಿಟ್ಟು ಓಡಿದೆ. ಇಡೀ ದಿನ ಆ ಹೆಂಗಸು ತಲೇಲಿ ಚಿಲಕ ಹಿಡ್ಕೊಂಡೇ ನಿಂತಿದ್ಳು, ಮೀಟಿಂಗಲ್ಲೂ, ಊಟದ ಹೊತ್ತಲ್ಲೂ. ಮಾರನೇ ಬೆಳಿಗ್ಗೆ ಕೂತಾಗ ಒಳಗಿಂದ ಏನು ಕೇಳಿಸ್ತು ಅನ್ನೋದು ಗೊತ್ತಿತ್ತು, ಒಂದೇ ಉಸಿರಿಗೆ ಒಂದೂವರೆ ಪುಟ. ಅಧ್ಯಾಯ ಮುಗಿಸಿ ನೆಮ್ಮದಿಯಾಗಿ ಎದ್ದ ದಿನಗಳಲ್ಲಿ ಮಾರನೇ ದಿನ ಬರೀ ಕಿಟಕಿ ನೋಡ್ಕೊಂಡು ಕೂತಿದ್ದೇ ಬಂತು.

ಜರ್ಮನ್ ಭಾಷೆಯ ಲೇಖಕ ಕಾಫ್ಕಾ ರಾತ್ರಿಯೆಲ್ಲ ಬರೀತಿದ್ನಲ್ಲ ಅಂತ ನೀವು ಬರೆದಿದೀರಿ. ಹೌದು, ಅಪಘಾತ ವಿಮೆ ಸಂಸ್ಥೆಯ ನೌಕರ, 1912ರ ಸೆಪ್ಟೆಂಬರಲ್ಲಿ ಒಂದು ರಾತ್ರಿ 10ಕ್ಕೆ ಕೂತೋನು ಬೆಳಿಗ್ಗೆ 6ಕ್ಕೆ ಒಂದು ಕಥೆ ಮುಗಿಸಿ ಎದ್ದ. ಅದು ಸಣ್ಣ ಕಥೆ ಸ್ವಾಮಿ, ಕಾದಂಬರಿ ಅಲ್ಲ. ಅವನ ಮೂರು ಕಾದಂಬರಿಗಳೂ ಅರ್ಧಕ್ಕೇ ನಿಂತಿವೆ. ಅದಕ್ಕೆ ನಿದ್ದೆಗೆಟ್ಟಿದ್ದೇ ಕಾರಣ ಅಂತ ನಾನು ಹೇಳಲ್ಲ, ಆದ್ರೆ ಮಾದರಿ ಅಂತ ಇಟ್ಕೊಳ್ಳೋ ಮುಂಚೆ ಯೋಚ್ನೆ ಮಾಡಿ.

ಬಿಡುವಾದಾಗ ಆಫೀಸ್ ಲ್ಯಾಪ್‌ಟಾಪಲ್ಲೇ ಟೈಪ್ ಮಾಡ್ತೀನಿ ಅಂದಿದ್ದು ಮಾತ್ರ ನನಗೆ ಇಷ್ಟ ಆಗ್ಲಿಲ್ಲ. ನೌಕರಿಗೆ ಸೇರೋವಾಗ ಸಹಿ ಹಾಕಿದ ಕರಾರನ್ನ ಒಮ್ಮೆ ತೆಗೆದು ಓದಿ, ಕೆಲಸದ ಹೊತ್ತಲ್ಲಿ ಕಂಪನಿ ಉಪಕರಣದಲ್ಲಿ ಮಾಡಿದ್ದೆಲ್ಲ ಕಂಪನಿಗೆ ಸೇರಿದ್ದು ಅನ್ನೋ ಮಾತು ಎಷ್ಟೋ ಕರಾರುಗಳಲ್ಲಿರುತ್ತೆ. ಅದು ಹಾಳಾಗಿ ಹೋಗ್ಲಿ, ನಾನು ಆ ನೌಕರಿ ಬಿಟ್ಟ ದಿನ ಸಂಜೆಯೊಳಗೆ ನನ್ನ ಲಾಗಿನ್ ಮುಚ್ಚಿದ್ರು, ಒಳಗಿದ್ದ ಮೂರು ಅಧ್ಯಾಯ ಹೋಗಿದ್ದು ಹೋಯ್ತು, ತಪ್ಪು ನಂದೇ. ನಿಮ್ಮದೇ ಫೋನಲ್ಲಿ ಬರೀರಿ, ನೋಟ್‌ಬುಕ್ಕಲ್ಲಿ ಬರೀರಿ.

ಇನ್ನು, ಮೊದಲ ಅಧ್ಯಾಯ ಓದಿ ಅಭಿಪ್ರಾಯ ಹೇಳಿ ಅಂತ ಲಗತ್ತಿಸಿದ್ದೀರಲ್ಲ, ಅದನ್ನ ನಾನು ಬೇಕಂತಲೇ ಓದಿಲ್ಲ. ಚೆನ್ನಾಗಿದೆ ಅಂದ್ರೂ ಇಲ್ಲ ಅಂದ್ರೂ ನೀವು ಅದನ್ನೇ ತಿದ್ದೋಕೆ ಕೂರ್ತೀರಿ. ಮೂರು ತಿಂಗಳು ಬಿಟ್ಟು 41ನೇ ಪುಟದಿಂದ ಮುಂದೆ ಎಷ್ಟಾಗಿದೆಯೋ ಅಷ್ಟು ಕಳಿಸಿ, ಓದಿ ಬರೀತೀನಿ.

— ಸಂಪಾದಕ