ನೇತ್ರಾಣಿ ಡೈವ್‌ಗೆ ಆಕ್ಸಿಜನ್: ಮೊದಲು ನಿಮಿಷ ಎಣಿಸಿ, ಆಮೇಲೆ ಸಿಲಿಂಡರ್ ತಗೊಳ್ಳಿ

ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವ್ ಮಾಡಲು ಎಂಟು ಜನ ಹೊರಟಿದ್ದೀರಿ. ಕೋವಿಡ್ ಕಾಲದಲ್ಲಿ ಕೊಂಡ ನಿಮಿಷಕ್ಕೆ 5 ಲೀಟರಿನ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಯಂತ್ರ) ಮನೆಯಲ್ಲಿದೆ, ಯಾರಿಗಾದರೂ ಬೆಂಡ್ಸ್ ಆದರೆ ಅಂತ ಅದನ್ನೇ ದೋಣಿಗೆ ಒಯ್ದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ದಯವಿಟ್ಟು ಅದನ್ನು ಮನೆಯಲ್ಲೇ ಬಿಡಿ.

ಕೋವಿಡ್‌ನಲ್ಲಿ ರಕ್ತದ ಆಕ್ಸಿಜನ್ ಇಳಿದಿರುತ್ತಿತ್ತು, ಅದನ್ನು ಏರಿಸಬೇಕಿತ್ತು. ಬೆಂಡ್ಸ್, ಅಂದರೆ ಡೈವ್ ಮಾಡಿ ಮೇಲೆ ಬಂದಾಗ ಆಗುವ ಕಾಯಿಲೆ, ಅದಾದವರ ತೊಂದರೆ ಬೇರೆ. ಆಳದಲ್ಲಿ ಮೈಯೊಳಗೆ ಕರಗಿದ ನೈಟ್ರೋಜನ್ ಮೇಲೆ ಬಂದಾಗ ಗುಳ್ಳೆ ಕಟ್ಟಿರುತ್ತದೆ. ಅದು ಬೇಗ ಹೊರಗೆ ಹೋಗಬೇಕಾದರೆ ಒಳಗೆ ಎಳೆಯುವ ಉಸಿರಿನಲ್ಲಿ ನೈಟ್ರೋಜನ್ ಇರಬಾರದು. ಅಂದರೆ ನೂರಕ್ಕೆ ನೂರರ ಹತ್ತಿರ ಆಕ್ಸಿಜನ್ ಬೇಕು. ಕಾನ್ಸಂಟ್ರೇಟರ್ ಕೊಡುವ 5 ಲೀಟರ್ ಒಂದು ನಿಮಿಷದ ಉಸಿರಿಗೆ ಸಾಲುವುದಿಲ್ಲ, ಉಳಿದದ್ದು ಬರೀ ಗಾಳಿಯೇ. ಮೇಲಾಗಿ ಅದಕ್ಕೆ ಕರೆಂಟ್ ಬೇಕು. ಮೂಗಿಗೆ ಹಾಕುವ ಸಣ್ಣ ನಳಿಕೆಯೂ ಇದೇ ಕಾರಣಕ್ಕೆ ಬೇಡ. ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿ ಒಂದೆರಡು ನಿಮಿಷಕ್ಕೂ ಬರುವುದಿಲ್ಲ. ಆಕ್ಸಿಮೀಟರ್ 98 ತೋರಿಸಿತು ಅಂತ ಆಕ್ಸಿಜನ್ ನಿಲ್ಲಿಸಲೂ ಬೇಡಿ, ಅದಕ್ಕೆ ಗುಳ್ಳೆ ಕಾಣುವುದಿಲ್ಲ.

ಈಗ ಲೆಕ್ಕ. ಮುರುಡೇಶ್ವರದಿಂದ ನೇತ್ರಾಣಿಗೆ ದೋಣಿಯಲ್ಲಿ ಸುಮಾರು ಒಂದೂವರೆ ಗಂಟೆ. ನೀರಿನಲ್ಲಿರುವ ಉಳಿದವರನ್ನು ಹತ್ತಿಸಿಕೊಳ್ಳಲು ಸ್ವಲ್ಪ ಹೊತ್ತು, ದಡದಿಂದ ಆಸ್ಪತ್ರೆಗೆ ಇನ್ನಷ್ಟು ಹೊತ್ತು. ಎರಡೂವರೆ ಗಂಟೆ ಅಂತಲೇ ಇಟ್ಟುಕೊಳ್ಳಿ. ಸಿಲಿಂಡರ್ ಎಷ್ಟು ಲೀಟರಿನದು ಅನ್ನೋದನ್ನು ಒತ್ತಡದಿಂದ (ಬಾರ್ ಲೆಕ್ಕದಲ್ಲಿ) ಗುಣಿಸಿದರೆ ಒಳಗಿರುವ ಆಕ್ಸಿಜನ್ ಗೊತ್ತಾಗುತ್ತದೆ. ನಮ್ಮಲ್ಲಿ ಬಾಡಿಗೆಗೆ ಸಿಗುವ ಬಿ ಟೈಪ್ 10 ಲೀಟರಿನದು. 150 ಬಾರ್ ತುಂಬಿದ್ದರೆ 1500 ಲೀಟರ್. ನಿಮಿಷಕ್ಕೆ 15 ಲೀಟರ್ ಬಿಟ್ಟರೆ 100 ನಿಮಿಷ. ಹೆಗಲಿಗೆ ಹಾಕಿಕೊಳ್ಳುವ 1.7 ಲೀಟರಿನ ಚಂದದ ಸಿಲಿಂಡರ್ ಇದೆಯಲ್ಲ, ಅದು ಬರೀ 17 ನಿಮಿಷ! ಹಾಗಾಗಿ ಎರಡು ಬಿ ಟೈಪ್ ಒಯ್ಯಿರಿ. ಮುಗಿದೀತು ಅಂತ ಹರಿವು ತಗ್ಗಿಸಬೇಡಿ. ಇರುವಷ್ಟು ಹೊತ್ತು ಪೂರ್ತಿ ಕೊಡುವುದೇ ಮೇಲು.

ಮಾಸ್ಕ್ ವಿಷಯಕ್ಕೆ ಬಂದರೆ, ಡಿಮ್ಯಾಂಡ್ ವಾಲ್ವ್ ಎಲ್ಲಕ್ಕಿಂತ ಒಳ್ಳೆಯದು. ಉಸಿರು ಎಳೆದಾಗ ಮಾತ್ರ ಆಕ್ಸಿಜನ್ ಬಿಡುತ್ತದೆ, ಹಾಗಾಗಿ ಸಿಲಿಂಡರ್ ಜಾಸ್ತಿ ಹೊತ್ತು ಬರುತ್ತದೆ. ಆದರೆ ಆಸ್ಪತ್ರೆಯ ಮಾಮೂಲಿ ಫ್ಲೋಮೀಟರ್‌ಗೆ (ಹರಿವು ಅಳೆಯುವ ಸಾಧನ) ಅದನ್ನು ಸಿಕ್ಕಿಸಲು ಆಗುವುದಿಲ್ಲ, ಹೆಚ್ಚಿನ ಒತ್ತಡದ ಬೇರೆ ಔಟ್‌ಲೆಟ್ ಇರುವ ರೆಗ್ಯುಲೇಟರ್ (ಸಿಲಿಂಡರಿನ ಒತ್ತಡ ತಗ್ಗಿಸುವ ಸಾಧನ) ಬೇಕು. ದುಬಾರಿ ಅನಿಸಿದರೆ ಚೀಲ ಇರುವ ನಾನ್-ರೀಬ್ರೀದರ್ ಮಾಸ್ಕ್ ಎರಡು ತಗೊಳ್ಳಿ. ಒಳಗಿನ ವಾಲ್ವನ್ನು ಬೆರಳಿಂದ ಒತ್ತಿ ಹಿಡಿದು ಚೀಲ ಪೂರ್ತಿ ಉಬ್ಬಿದ ಮೇಲೆ ಮುಖಕ್ಕೆ ಹಾಕಬೇಕು. ಉಸಿರು ನಿಂತವರಿಗೆ ಇವೆರಡೂ ಪ್ರಯೋಜನಕ್ಕಿಲ್ಲ. ಅವರಿಗೆ ಆಕ್ಸಿಜನ್ ನಳಿಕೆ ಸೇರಿಸಬಹುದಾದ ಪಾಕೆಟ್ ಮಾಸ್ಕ್ (ಬಾಯಿಂದ ಉಸಿರು ಊದಲು ಬಳಸುವ ಮಾಸ್ಕ್) ಬೇಕು, ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವುದು) ಕಲಿತ ಕೈ ಬೇಕು.

ನನ್ನ ಕಣ್ಣೆದುರೇ ನಡೆದದ್ದು ಹೇಳುತ್ತೇನೆ. ಒಂದು ದೋಣಿಯಲ್ಲಿ ಗೆಳೆಯನಿಗೆ ಎರಡನೇ ಡೈವ್ ಆದಮೇಲೆ ಮೊಣಕೈ ನೋವು, ಬೆರಳೆಲ್ಲ ಜುಮುಜುಮು. ಬೆಂಡ್ಸ್ ಲಕ್ಷಣಗಳೇ. 'ಟ್ಯಾಂಕ್ ಎತ್ತಿದ್ದಕ್ಕೆ ಇರಬೇಕು' ಅಂತ ಅವನೇ ತಳ್ಳಿಹಾಕುತ್ತಿದ್ದ. ತುಂಬಿದ ಸಿಲಿಂಡರ್ ಪಕ್ಕದಲ್ಲೇ ಇತ್ತು, ತೆರೆಯುವ ಕೀ ಇರಲಿಲ್ಲ. ಬೆಂಚಿನ ಕೆಳಗೆ, ಹಗ್ಗದ ರಾಶಿಯಲ್ಲಿ, ಎಲ್ಲರ ಚೀಲದಲ್ಲಿ ಹುಡುಕಿದೆವು. ಸಿಕ್ಕಿದ್ದು ಊಟದ ಬುಟ್ಟಿಯಲ್ಲಿ. ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು. ಅವನು ಹುಷಾರಾದ. ಅಂದಿನಿಂದ ನಾನು ಕೀಯನ್ನು ನೈಲಾನ್ ದಾರದಲ್ಲಿ ಸಿಲಿಂಡರ್ ಕುತ್ತಿಗೆಗೇ ಕಟ್ಟುತ್ತೇನೆ. ರೆಗ್ಯುಲೇಟರ್ ಕೂರುವ ಜಾಗದ ವಾಷರ್ ಒಂದು ಜಾಸ್ತಿ ಇರುತ್ತದೆ. ಹೊರಡುವ ಮುಂಚೆ ವಾಲ್ವ್ ತೆರೆದು, ಒತ್ತಡ ತೋರಿಸುವ ಮುಳ್ಳು ನೋಡಿ, ಮುಚ್ಚುತ್ತೇನೆ.

ಇನ್ನೊಂದನ್ನು ಖಂಡಿತ ಮರೆಯಬೇಡಿ. ಎಣ್ಣೆ. ಒತ್ತಡದ ಆಕ್ಸಿಜನ್‌ಗೆ ಎಣ್ಣೆ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈ, ಸನ್‌ಸ್ಕ್ರೀನ್ ಕೈ, ಡೀಸೆಲ್ ಎಂಜಿನ್ ಮುಟ್ಟಿದ ಕೈ, ಯಾವುದೂ ವಾಲ್ವ್ ಹತ್ತಿರ ಬೇಡ. ಜಾಮ್ ಆಗಿದೆ ಅಂತ ಗ್ರೀಸ್ ಹಾಕುವುದಂತೂ ಬೇಡವೇ ಬೇಡ. ವಾಲ್ವ್ ನಿಧಾನ ತಿರುಗಿಸಿ. ಹತ್ತಿರ ಬೀಡಿ, ಸಿಗರೇಟ್ ಇರಬಾರದು.

ಯಾರಿಗಾದರೂ ಬೆಂಡ್ಸ್ ಆಗಿದೆ ಅಂತ ಅನುಮಾನ ಬಂದರೆ ಅವರನ್ನು ಮಲಗಿಸಿ ಆಕ್ಸಿಜನ್ ಕೊಡಿ, ಕಾಯಬೇಡಿ. ಕಮ್ಮಿಯಾಯಿತು ಅಂದರೂ ವೈದ್ಯರ ಹತ್ತಿರ ಹೋಗಲೇಬೇಕು, ನೋವು ಮತ್ತೆ ಬರಬಹುದು. ಡೈವರ್‌ಗಳನ್ನು ತೆಗೆದುಕೊಳ್ಳುವ ರೀಕಂಪ್ರೆಷನ್ ಚೇಂಬರ್ (ಹೆಚ್ಚಿನ ಒತ್ತಡದಲ್ಲಿಟ್ಟು ಚಿಕಿತ್ಸೆ ಕೊಡುವ ಕೋಣೆ) ಎಲ್ಲಿದೆ ಅಂತ ಹೊರಡುವ ಮುಂಚೆಯೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಗಾಯ ವಾಸಿಗೆ ಅಂತ ಇಟ್ಟ ಎಲ್ಲ ಚೇಂಬರ್‌ಗಳೂ ಡೈವರ್‌ಗಳನ್ನು ತೆಗೆದುಕೊಳ್ಳುವುದಿಲ್ಲ.

ಸಿಲಿಂಡರ್ ನೋಡಲು ಹೋದಾಗ ವಾಲ್ವ್ ಫೋಟೋ ಇಲ್ಲಿ ಹಾಕಿ. ಅದು ಪಿನ್ ಇಂಡೆಕ್ಸಾ, ಬುಲ್‌ನೋಸಾ (ಎರಡೂ ವಾಲ್ವಿನ ಬಗೆಗಳು) ನೋಡಿ ಯಾವ ರೆಗ್ಯುಲೇಟರ್ ಕೂರುತ್ತದೆ ಅಂತ ಹೇಳುತ್ತೇನೆ. ಅಲ್ಲಿಯವರೆಗೆ ಆನ್‌ಲೈನ್‌ನಲ್ಲಿ ಸುಮ್ನೆ ಯಾವುದೋ ಒಂದನ್ನು ತರಿಸಬೇಡಿ.