ಲಕ್ಷುರಿ ಎಸ್‌ಯುವಿ ಕೊಳ್ಳುವಾಗ ಡೀಲರ್ ಹತ್ತಿರ ಬೆಲೆ ಇಳಿಸೋದು ಹೇಗೆ?

ಹೊಸ ಬುಕಿಂಗ್ ಮಾಡುವ ಬದಲು ಡೀಲರ್ ಹತ್ತಿರ ಈಗಾಗಲೇ ನಿಂತಿರುವ ಗಾಡಿಯನ್ನು ಕೇಳಿ. ತ್ರೈಮಾಸಿಕದ ಕೊನೆ ವಾರ ಅಥವಾ ಡಿಸೆಂಬರ್‌ನಲ್ಲಿ ಹೋಗಿ.

ಕಾರಣ ಸರಳ. ಡೀಲರ್ ಸಾಮಾನ್ಯವಾಗಿ ಸಾಲ ಮಾಡಿ ಗಾಡಿ ತರಿಸಿರುತ್ತಾರೆ. ಅದು ಯಾರ್ಡ್‌ನಲ್ಲಿ ನಿಂತಷ್ಟು ದಿನ ಬಡ್ಡಿ ಓಡುತ್ತದೆ. ತ್ರೈಮಾಸಿಕದ ಮಾರಾಟ ಟಾರ್ಗೆಟ್ ಮುಟ್ಟಿದರೆ ಕಂಪನಿಯಿಂದ ಬೋನಸ್ ಬೇರೆ. ಜನವರಿ ಬಂತೆಂದರೆ ಅದು ಹೋದ ವರ್ಷದ ಗಾಡಿ. ಮುಂದೆ ನೀವು ಮಾರುವಾಗ ಆ ನಷ್ಟ ನಿಮಗೂ ಬೀಳುತ್ತದೆ, ಹಾಗಾಗಿ ರಿಯಾಯಿತಿ ಜಾಸ್ತಿನೇ ಕೇಳಿ.

ಮಾತು ಎಕ್ಸ್-ಶೋರೂಂ ಬೆಲೆಯ (ರಸ್ತೆ ತೆರಿಗೆ, ವಿಮೆ ಸೇರಿಸುವ ಮೊದಲಿನ ಬೆಲೆ) ಮೇಲಿರಲಿ, ಇಎಂಐ ಮೇಲೆ ಬೇಡ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ರಸ್ತೆ ತೆರಿಗೆಯೇ 18%, ಮೇಲೆ ಸೆಸ್. ಅದರಲ್ಲಿ ಚೌಕಾಸಿ ನಡೆಯಲ್ಲ. ವಿಮೆಯಲ್ಲಿ ನಡೆಯುತ್ತದೆ. ಹೊರಗಿನ ಕೊಟೇಶನ್ ತೋರಿಸಿ, ಅಲ್ಲೇ ತಗೋಬೇಕೆಂಬ ಕಡ್ಡಾಯವೇನಿಲ್ಲ. 'ಹ್ಯಾಂಡ್ಲಿಂಗ್ ಚಾರ್ಜ್' ಅಂತ ಬರೆದಿದ್ದರೆ ತೆಗೆಸಿ. 1% ಟಿಸಿಎಸ್ (ಮಾರುವಾಗಲೇ ಡೀಲರ್ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಬಗ್ಗೆ ಸುಮ್ನೆ ಜಗಳ ಬೇಡ, ಆದಾಯ ತೆರಿಗೆ ಲೆಕ್ಕದಲ್ಲಿ ಅದು ಹೊಂದಾಣಿಕೆಯಾಗುತ್ತದೆ.

ಮರ್ಸಿಡಿಸ್ ಆದರೆ ಒಬ್ಬ ಡೀಲರ್ ಬೆಲೆ ತೋರಿಸಿ ಇನ್ನೊಬ್ಬರನ್ನು ಬಗ್ಗಿಸುವುದು ಕಷ್ಟ. 2021ರಿಂದ ಭಾರತದಲ್ಲಿ ಕಂಪನಿಯೇ ನೇರವಾಗಿ ಒಂದೇ ಬೆಲೆಗೆ ಮಾರುತ್ತಿದೆ. ಅಲ್ಲಿ ನಿಮ್ಮ ಹಳೇ ಕಾರಿಗೆ ಎಕ್ಸ್‌ಚೇಂಜ್ ಬೆಲೆ ಜಾಸ್ತಿ ಕೊಡಿ ಅಂತ ಒತ್ತಾಯಿಸಿ.